ನಂದಿ ಬೆಟ್ಟಕ್ಕೆ ಪದ್ಮಿನಿಯೋ, ಸ್ವಿಫ್ಟೋ?

ಚಿಕ್ಕಬಳ್ಳಾಪುರದ ಓದುಗರೊಬ್ಬರ ಪತ್ರ: ‘ತಂದೆಯವರ 1986ರ ಪ್ರೀಮಿಯರ್ ಪದ್ಮಿನಿ ಇನ್ನೂ ಓಡುತ್ತಿದೆ. ಮಗ ಹೊಸ ಸ್ವಿಫ್ಟ್ ತಂದಿದ್ದಾನೆ. ಅದರ ತಗಡು ಬೆರಳಲ್ಲಿ ಒತ್ತಿದರೆ ತಗ್ಗುತ್ತದೆ. ಮನೆಮಂದಿಯನ್ನೆಲ್ಲ ನಂದಿ ಬೆಟ್ಟಕ್ಕೆ ಪದ್ಮಿನಿಯಲ್ಲೇ ಕರೆದೊಯ್ಯುವುದು ಕ್ಷೇಮವಲ್ಲವೇ?’

ಅಲ್ಲ ಸ್ವಾಮಿ. ಮಕ್ಕಳು, ಹಿರಿಯರು ಜೊತೆಗಿದ್ದರೆ ಸ್ವಿಫ್ಟ್‌ನಲ್ಲೇ ಹೋಗಿ. ಡಿಕ್ಕಿಯಾದಾಗ ಹೊಸ ಕಾರಿನ ಮೂತಿ ನಜ್ಜುಗುಜ್ಜಾಗುವುದು ಬೇಕೆಂದೇ ಮಾಡಿದ ಏರ್ಪಾಡು. ಹೊಡೆತದ ಬಹುಪಾಲು ಅಲ್ಲೇ ಮುಗಿಯುತ್ತದೆ. ದಪ್ಪ ತಗಡಿನ ಹಳೆಯ ಕಾರಿನಲ್ಲಿ ಅದು ಒಳಗೆ ಕೂತವರಿಗೆ ತಲುಪುತ್ತದೆ. ಏರ್‌ಬ್ಯಾಗೂ ಇಲ್ಲ.

ಬೆಟ್ಟದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಳಿಜಾರು. ಪದ್ಮಿನಿಯ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ತಿರುವಿನಿಂದ ತಿರುವಿಗೆ ಪೆಡಲ್ ಒತ್ತುತ್ತಲೇ ಇಳಿದರೆ ಡ್ರಮ್ ಕಾದು ಹಿಗ್ಗಿ, ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಶೂನಿಂದ ದೂರ ಸರಿಯುತ್ತದೆ, ಶೂ ಮೇಲಿನ ಲೈನರ್ ಹಿಡಿತ ಕಳೆದುಕೊಳ್ಳುತ್ತದೆ. ಪೆಡಲ್ ಕೆಳಗಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಬ್ರೇಕ್ ಆಯಿಲ್ ಹಳೆಯದಾಗಿ ನೀರು ಹೀರಿದ್ದರೆ ಅದೂ ಕುದಿಯುತ್ತದೆ. ಸ್ವಿಫ್ಟ್‌ನ ಮುಂದಿನ ಚಕ್ರಗಳ ಡಿಸ್ಕ್ ಬ್ರೇಕ್‌ಗೆ ಗಾಳಿ ತಾಗುವುದರಿಂದ ಬೇಗ ಆರುತ್ತದೆ. ಚಕ್ರ ಜಾಮ್ ಆಗದಂತೆ ಎಬಿಎಸ್ ಇದೆ.

ಹಾಗೆಂದು ಪದ್ಮಿನಿಯನ್ನು ಮಾರಬೇಡಿ. ನೀವೊಬ್ಬರೇ ಬೆಟ್ಟ ಹತ್ತುವುದಾದರೆ ಮೊದಲು ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ, ಬ್ರೇಕ್ ಪೈಪಿನೊಳಗಿನ ಏರ್ ತೆಗೆಸಿ. ಒಂದೊಂದೇ ಚಕ್ರ ಎತ್ತಿ, ಶೂ ಡ್ರಮ್ಮಿಗೆ ತಾಗುವವರೆಗೆ ಬ್ರೇಕ್ ಬಿಗಿ ಮಾಡಿ, ಚಕ್ರ ಸಲೀಸಾಗಿ ತಿರುಗುವಷ್ಟು ಸಡಿಲಿಸಿ. ಇಳಿಯುವಾಗ ಎರಡನೇ ಗೇರು, ಕಡಿದಾದ ಕಡೆ ಒಂದನೇ ಗೇರು. ನ್ಯೂಟ್ರಲ್ ಎಂದಿಗೂ ಬೇಡ.

ಹತ್ತುವಾಗ 1,089 ಸಿಸಿ ಎಂಜಿನ್‌ಗೆ ಆತುರ ಮಾಡಬೇಡಿ. ಪೆಟ್ರೋಲ್ ಪಂಪ್ ಬಿಸಿ ಎಂಜಿನ್‌ಗೇ ಅಂಟಿಕೊಂಡಿರುವುದರಿಂದ ಬೇಸಿಗೆಯಲ್ಲಿ ಪೆಟ್ರೋಲ್ ಆವಿಯಾಗಿ ಸರಬರಾಜು ನಿಂತುಬಿಡಬಹುದು. ಪಕ್ಕಕ್ಕೆ ನಿಲ್ಲಿಸಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಹತ್ತು ಹದಿನೈದು ನಿಮಿಷ ಕಾಯಿರಿ.

ರಿಪೇರಿಯಲ್ಲಿ ಮಾತ್ರ ಪದ್ಮಿನಿಯದೇ ಮೇಲುಗೈ. ಕಿಡಿ ಹೊತ್ತಿಸಲು ಕರೆಂಟನ್ನು ಕಡಿದು ಕೂಡಿಸುವ ಪಾಯಿಂಟ್ ಉಜ್ಜಿ, ಫೀಲರ್ ಗೇಜ್ ಎಂಬ ತೆಳು ಅಳತೆಪಟ್ಟಿ ಇಟ್ಟು ಅದರ ಗ್ಯಾಪ್ ಸರಿ ಮಾಡುವುದನ್ನು ನೀವೇ ಕಲಿಯಬಹುದು. ಸ್ವಿಫ್ಟ್‌ನ ಸೆನ್ಸರ್ ಕೆಟ್ಟರೆ ಸ್ಕ್ಯಾನರ್ ಇಲ್ಲದೆ ಪತ್ತೆಯಾಗುವುದು ಕಷ್ಟ.

ಈಗಿನ ಶೇ 20 ಎಥನಾಲ್ ಬೆರೆತ ಪೆಟ್ರೋಲ್ ಬಗ್ಗೆ ಒಂದು ಎಚ್ಚರಿಕೆ. ಸ್ವಿಫ್ಟ್‌ನ ಕಂಪ್ಯೂಟರ್ ಅದಕ್ಕೆ ತಕ್ಕಂತೆ ಪೆಟ್ರೋಲ್ ಹೆಚ್ಚಿಸಿಕೊಳ್ಳುತ್ತದೆ. ಪದ್ಮಿನಿಯಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್‌ಗೆ ಆ ಬುದ್ಧಿಯಿಲ್ಲ. ಎಂಜಿನ್ ಮುಗ್ಗರಿಸಿದರೆ ಅದರೊಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ಬದಲಿಸಬೇಕಾದೀತು. ಹಳೆಯ ರಬ್ಬರ್ ಪೈಪು, ಪಂಪಿನೊಳಗಿನ ಪೊರೆಯಾದ ಡಯಾಫ್ರಂ ಈ ಪೆಟ್ರೋಲಿಗೆ ಊದಿ ಬಿರಿಯುತ್ತವೆ. ಎಥನಾಲ್ ತಡೆಯುವಂಥದ್ದನ್ನೇ ಕೇಳಿ ಹಾಕಿಸಿ. ಎಥನಾಲ್ ನೀರು ಹೀರಿ ಟ್ಯಾಂಕಿಗೆ ತುಕ್ಕು ಹಿಡಿಸುವುದರಿಂದ, ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲಿಸುವ ಮುನ್ನ ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿಸಿಡಿ.

– ಸಂಪಾದಕರು