ಟೋಕಿಯೊದಲ್ಲಿ ಪದಕ ತಪ್ಪಿದರೂ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಅವರ ವೃತ್ತಿಜೀವನವನ್ನು ದೊಡ್ಡದೆಂದು ಏಕೆ ಹೇಳುತ್ತಾರೆ?

ಪದಕವೊಂದನ್ನೇ ಅಳತೆಗೋಲು ಮಾಡಿಕೊಂಡರೆ ಅದಿತಿಯವರ ಸಾಧನೆಯ ಬಹುಭಾಗ ಕಣ್ಣಿಗೇ ಬೀಳುವುದಿಲ್ಲ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು 2016ರಲ್ಲಿ ವೃತ್ತಿಪರ ಆಟಕ್ಕೆ ಇಳಿದರು. ಅದೇ ವರ್ಷ ತಂದೆಯನ್ನೇ ಕ್ಯಾಡಿಯಾಗಿಸಿಕೊಂಡು (ಆಟಗಾರರ ಚೀಲ ಹೊತ್ತು ಸಲಹೆ ನೀಡುವ ಸಹಾಯಕ) ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿ, ನವೆಂಬರ್‌ನಲ್ಲಿ ಮಹಿಳೆಯರ ಇಂಡಿಯನ್ ಓಪನ್ ಗೆದ್ದು, ಯುರೋಪಿನ ಮಹಿಳಾ ವೃತ್ತಿಪರ ಗಾಲ್ಫ್ ಸರಣಿಯಾದ ಲೇಡೀಸ್ ಯುರೋಪಿಯನ್ ಟೂರ್‌ನ ಪ್ರಶಸ್ತಿ ಪಡೆದ ಮೊದಲ ಭಾರತೀಯ ಆಟಗಾರ್ತಿ ಎನಿಸಿದರು. ಮರುವರ್ಷ ಅಮೆರಿಕದ ಮಹಿಳಾ ವೃತ್ತಿಪರ ಗಾಲ್ಫ್ ಸರಣಿಯಾದ ಎಲ್‌ಪಿಜಿಎ ಟೂರ್ ಸೇರಿದರು.

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಅವರು ಹೋದಾಗ ಅವರ ವಿಶ್ವ ಶ್ರೇಯಾಂಕ 200ರಷ್ಟು ಕೆಳಗಿತ್ತು. ಕ್ಯಾಡಿಯಾಗಿ ಜೊತೆಗಿದ್ದವರು ತಾಯಿ. ಚೆಂಡನ್ನು ಬಹುದೂರ ಹೊಡೆಯುವ ಬಲ ಅದಿತಿಯವರ ಆಟದ್ದಲ್ಲ. ಕುಳಿಯ ಸುತ್ತಲಿನ ನುಣುಪಾದ ಹುಲ್ಲಿನ ಮೇಲೆ ಚೆಂಡನ್ನು ಮೆಲ್ಲನೆ ಕುಳಿಗೆ ಉರುಳಿಸುವ ಪಟಿಂಗ್‌ನಲ್ಲಿ ಅವರ ನಿಜವಾದ ಕೌಶಲವಿದೆ. ಆ ಕೌಶಲದಿಂದಲೇ, ಇತರರು ಮುಂದೆ ಹೊಡೆದ ದೂರವನ್ನು ಸರಿದೂಗಿಸುತ್ತ, ಮೂರು ಸುತ್ತುಗಳ ಬಳಿಕ ಎರಡನೆಯ ಸ್ಥಾನದಲ್ಲಿದ್ದರು. ಗಾಲ್ಫ್‌ನಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು; ಕೊನೆಗೆ ಪಾರ್‌ಗಿಂತ (ಅಂಕಣಕ್ಕೆ ನಿಗದಿಯಾದ ಹೊಡೆತಗಳ ಸಂಖ್ಯೆ) 15 ಹೊಡೆತ ಕಡಿಮೆಯಲ್ಲಿ ಮುಗಿಸಿ, ಒಂದೇ ಹೊಡೆತದ ಅಂತರದಿಂದ ಪದಕವಂಚಿತರಾಗಿ ನಾಲ್ಕನೆಯವರಾದರು. ಗಾಲ್ಫ್ ಎಂದರೇನೆಂದೇ ತಿಳಿಯದ ಎಷ್ಟೋ ಮನೆಗಳಲ್ಲಿ ಅಂದು ಬೆಳಗ್ಗೆ ಟಿವಿ ಹಚ್ಚಿಸಿದ್ದೇ ನನ್ನ ದೃಷ್ಟಿಯಲ್ಲಿ ಅವರ ಅತಿ ದೊಡ್ಡ ಕೊಡುಗೆ.

2023ರಲ್ಲಿ ಕೆನ್ಯಾ ಮತ್ತು ಸ್ಪೇನ್‌ಗಳಲ್ಲಿ ಪ್ರಶಸ್ತಿ ಗೆದ್ದರು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ, ಕೊನೆಯ ದಿನ ಏಳು ಹೊಡೆತಗಳ ಮುನ್ನಡೆ ಕೈತಪ್ಪಿದರೂ, ಬೆಳ್ಳಿ ಪಡೆದರು. ಏಷ್ಯನ್ ಕ್ರೀಡಾಕೂಟಗಳ ಇತಿಹಾಸದಲ್ಲೇ ಗಾಲ್ಫ್‌ನಲ್ಲಿ ಭಾರತೀಯ ಮಹಿಳೆಗೆ ಸಂದ ಮೊದಲ ಪದಕವದು.