ವರ್ಣಮಾಲೆ ಬಾಯಿಪಾಠ, ಓದಲು ಮಾತ್ರ ಬಾರದು

ಪ್ರಶ್ನೆ: ಮಗಳಿಗೆ ನಾಲ್ಕೂವರೆ ವರ್ಷ. ‘ಅ’ಯಿಂದ ‘ಳ’ವರೆಗೆ ಒಂದೇ ಉಸಿರಿಗೆ ಹೇಳುತ್ತಾಳೆ. ಪುಸ್ತಕದಲ್ಲಿ ‘ದ’ ತೋರಿಸಿದರೆ ಮಾತ್ರ ತಬ್ಬಿಬ್ಬು. ಇನ್ನಷ್ಟು ಬಾಯಿಪಾಠ ಮಾಡಿಸಬೇಕೇ? (ತಿಪಟೂರಿನ ಓದುಗರು)

ಉತ್ತರ: ಬೇಡ. ಅವಳಿಗೆ ಬಂದಿರುವುದು ಹಾಡು, ಅಕ್ಷರವಲ್ಲ. ‘ದ’ ಕೇಳಿದಾಗ ‘ಕ’ಯಿಂದ ಗುನುಗಿಕೊಂಡು ಬರುತ್ತಾಳೆಯೇ ನೋಡಿ. ಹಾಗಿದ್ದರೆ ಸಾಲು ಗೊತ್ತು, ಆಕಾರ ಗೊತ್ತಿಲ್ಲ. ವರ್ಣಮಾಲೆಯನ್ನು ಜೋಡಿಸಿರುವುದು ಉಚ್ಚಾರಣೆಯ ಜಾಗ ನೋಡಿಕೊಂಡು. ಓದು ಕಲಿಯುವ ಮಗುವಿಗೆ ‘ಙ’, ‘ಞ’ ಕಟ್ಟಿಕೊಂಡು ಏನಾಗಬೇಕು? ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ತರಗತಿಗಳಲ್ಲಿ ರ, ಗ, ಸ, ದ, ಅ ಮೊದಲು ಬರುವುದು ಇದಕ್ಕೇ. ಐದೇ ಅಕ್ಷರ ಬಂದರೂ ಪದ ಓದಬಹುದು.

ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿಯಲ್ಲಿ ಮೂರು ಇಂಚಿನ ಚೌಕ ಕತ್ತರಿಸಿ. ರ, ಗ, ಸ ಎರಡೆರಡು, ದ, ಅ ಒಂದೊಂದು, ಒಟ್ಟು 8 ಚೀಟಿ. ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆಯಿರಿ, ಪಕ್ಕದಲ್ಲಿ ಚಿತ್ರ ಬೇಡ. ಚಿತ್ರವಿದ್ದರೆ ಮಗು ಅದನ್ನೇ ಓದಿಬಿಡುತ್ತದೆ. ಮೊದಲ ದಿನ ರ, ಸ ಅಷ್ಟೇ. ‘ಸರ’ ಇಟ್ಟು ಓದಿ, ಜಾಗ ಅದಲುಬದಲು ಮಾಡಿ: ‘ರಸ’. ಎರಡು ದಿನ ಬಿಟ್ಟು ಮುಂದೆ ‘ಅ’ ಸೇರಿಸಿ: ‘ಅರಸ’. ಈಗ ‘ಅ’ ಮುಚ್ಚಿ, ಏನುಳಿಯಿತು ಎಂದು ಕೇಳಿ. ಪದವನ್ನು ಬಿಡಿಸಿ ಕೇಳುವ ಕಿವಿ ತಯಾರಾಗುವುದು ಈ ಆಟದಲ್ಲೇ. ‘ಗರಗಸ’ದವರೆಗೆ ಬಂದರೆ ಮಕ್ಕಳಿಗೆ ಯುದ್ಧ ಗೆದ್ದಷ್ಟು ಖುಷಿ. ದಿನಕ್ಕೆ ಹತ್ತು ನಿಮಿಷ ಸಾಕು.

ಎಡವುವುದು ಎರಡು ಕಡೆ. ಪ-ಷ, ದ-ಧ, ಬ-ಭದಂಥ ಒಂದೇ ಮೋರೆಯ ಅಕ್ಷರಗಳನ್ನು ಒಟ್ಟಿಗೆ ಕಲಿಸಿದರೆ ಎರಡೂ ಕಲಸಿಹೋಗುತ್ತವೆ. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಮತ್ತೆ, ಕಾಗುಣಿತವನ್ನು ಇಡೀ ಸಾಲಾಗಿ ಹೇಳಿಸುವುದು. ಹತ್ತು-ಹದಿನೈದು ಅಕ್ಷರ ಬಂದ ಮೇಲೆ ‘ಇಳಿ’ಯೊಂದನ್ನೇ ತನ್ನಿ: ದಾರ, ರಾಗ, ಸಾಗರ. ಗುಡಿಸು, ಕೊಂಬು ಆಮೇಲೆ. ಒತ್ತಕ್ಷರ ಪೂರ್ತಿ ಹಿಡಿತಕ್ಕೆ ಬರುವಾಗ ಎಷ್ಟೋ ಮಕ್ಕಳು ಮೂರು-ನಾಲ್ಕನೇ ತರಗತಿಯಲ್ಲಿರುತ್ತಾರೆ, ಈಗ ಅದರ ಗೊಡವೆಯೇ ಬೇಡ.

ಪ್ರಶ್ನೆ: ಮೂರು ವರ್ಷದ ಮಗ ದಿನಾ ಅದೇ ಪುಸ್ತಕ ಓದು ಅನ್ನುತ್ತಾನೆ, ಅರ್ಧಕ್ಕೇ ಎದ್ದು ಓಡುತ್ತಾನೆ. (ಧಾರವಾಡದ ಓದುಗರು)

ಉತ್ತರ: ಅದೇ ಪುಸ್ತಕ ಇರಲಿ. ಮುಂದೇನು ಬರುತ್ತದೆ ಎಂದು ಗೊತ್ತಿದ್ದಾಗಲೇ ಮಗು ಬಾಯಿ ಹಾಕುವುದು. ಓಡುವುದು ಬಹುಶಃ ನೀವೊಬ್ಬರೇ ಮಾತಾಡುತ್ತಿರುವುದರಿಂದ. ಅಮೆರಿಕದಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮ್ಮನೆ ಓದಿಹೇಳದೆ ಮಗುವಿನಿಂದಲೇ ಮಾತಾಡಿಸುತ್ತಾ ಓದಿದ ಮನೆಗಳ ಮಕ್ಕಳು ಒಂದೇ ತಿಂಗಳಲ್ಲಿ ಮಾತಿನಲ್ಲಿ ಮುಂದಾದರು. ಅವರು ಮಾಡಿದ್ದು ಹೀಗೆ: ಮಂಚದ ಕೆಳಗೊಂದು ನಾಯಿಯ ಚಿತ್ರವಿದೆ ಎನ್ನಿ. “ಇಲ್ಲಿ ಯಾರಿದ್ದಾರೆ ಪುಟ್ಟಾ?” ಅವನು “ನಾಯಿ” ಅನ್ನುತ್ತಾನೆ. “ಹೌದು, ಮಂಚದ ಕೆಳಗೆ ಅಡಗಿಕೊಂಡಿರೋ ನಾಯಿ,” ಎಂದು ಎರಡು-ಮೂರು ಪದ ಸೇರಿಸಿ ಹಿಂದಿರುಗಿಸಿ, ಅವನಿಂದಲೂ ಹೇಳಿಸಿ. ಮರುದಿನ “ಯಾಕೆ ಅಡಗಿಕೊಂಡಿದೆ?” ಕೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ, ತಡೆದುಕೊಳ್ಳಿ, ದೊಡ್ಡವರು ತಾವೇ ಉತ್ತರ ಹೇಳಿಬಿಡುವುದೇ ಹೆಚ್ಚು. ಪುಟಕ್ಕೆ ಒಂದೆರಡು ಪ್ರಶ್ನೆ ಸಾಕು, ಪರೀಕ್ಷೆ ಆಗಬಾರದು. ಎದ್ದು ಹೋದರೆ ಹೋಗಲಿ, ನಾಲ್ಕು ಪುಟವೂ ಓದೇ.

ಪ್ರಶ್ನೆ: ಹಗಲಿಡೀ ಮಗು ಅಜ್ಜಿಯ ಜೊತೆ. ಅವರಿಗೆ ಓದು ಬಾರದು. (ಬೆಂಗಳೂರಿನ ಓದುಗರು)

ಉತ್ತರ: ಮೇಲಿನ ಉತ್ತರದಲ್ಲಿ ಅಕ್ಷರ ಓದಬೇಕಾದ ಕೆಲಸ ಒಂದೂ ಇಲ್ಲವಲ್ಲ! ಮಾತಿಲ್ಲದ ಚಿತ್ರಪುಸ್ತಕ ಕೊಡಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಉಚಿತವಾಗಿ ಸಿಗುತ್ತವೆ; ಒಂದನೇ ಹಂತದವನ್ನು ಆರಿಸಿ, ಮೊಬೈಲಿನಲ್ಲಿ ತೋರಿಸುವ ಬದಲು ಬಣ್ಣದಲ್ಲಿ ಮುದ್ರಿಸಿ ದಾರದಲ್ಲಿ ಹೊಲಿದುಕೊಡಿ. ಅಜ್ಜಿ ಇವತ್ತೊಂದು ಕಥೆ, ನಾಳೆ ಇನ್ನೊಂದು ಹೇಳಿದರೆ “ಹಾಗಲ್ಲ ಅಜ್ಜಿ” ಎಂದು ಮಗುವೇ ತಿದ್ದುತ್ತದೆ. ನೀವು ತಿದ್ದಲು ಹೋಗಬೇಡಿ.