30 ಸಾವಿರದೊಳಗೆ ಸೆಲ್ಫ್ ಪೋರ್ಟ್ರೇಟ್‌ಗೆ ಯಾವ ಕ್ಯಾಮೆರಾ ತಗೊಳ್ಳಲಿ?

ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದೀರಿ, ನಿಮ್ಮ ಫೋಟೊ ನೀವೇ ತೆಗೆದುಕೊಳ್ಳಬೇಕು, ಫೋನಿನಲ್ಲಿ ತೆಗೆದರೆ ಮುಖ ಬೇರೆ ಯಾರದೋ ಅನಿಸುತ್ತೆ, ಕೈಯಲ್ಲಿ 30 ಸಾವಿರ ಇದೆ ಅಂತ ಕೇಳಿದ್ದೀರಿ. ನಾನು 2019ರಿಂದ ಪ್ರತಿ ಹುಟ್ಟುಹಬ್ಬಕ್ಕೆ ನನ್ನದೊಂದು ಫೋಟೊ ನಾನೇ ತೆಗೆದುಕೊಳ್ಳುತ್ತಾ ಬಂದಿದ್ದೇನೆ. ಮೊದಲ ವರ್ಷ ಈ ಕೆಲಸಕ್ಕೆ ಹೊಂದದ ಕ್ಯಾಮೆರಾ ಕೊಂಡು ದುಡ್ಡು ಕಳೆದುಕೊಂಡೆ. ನಿಮಗೆ ಹಾಗಾಗಬಾರದು ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ಫೋನಿನ ವಿಷಯ ಮೊದಲು. ನಿಮ್ಮ ಮುಖದಲ್ಲಿ ಏನೂ ತಪ್ಪಿಲ್ಲ. ಕೈ ಚಾಚಿದಷ್ಟು ದೂರದಿಂದ ತೆಗೆದಾಗ ಮೂಗು ಕ್ಯಾಮೆರಾಕ್ಕೆ ಹತ್ತಿರ, ಕಿವಿ ದೂರ. ಹತ್ತಿರ ಇರುವುದು ದೊಡ್ಡದಾಗಿ ಬರುತ್ತೆ. ಅಮೆರಿಕದ ವೈದ್ಯ ಬೋರಿಸ್ ಪಾಸ್ಖೋವರ್ ಮತ್ತು ಅವರ ಜೊತೆಯವರು 2018ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. 12 ಇಂಚು ದೂರದಿಂದ ತೆಗೆದರೆ, 5 ಅಡಿಯಿಂದ ತೆಗೆದದ್ದಕ್ಕಿಂತ ಮೂಗು ಸುಮಾರು ಶೇ. 30ರಷ್ಟು ಅಗಲ ಕಾಣುತ್ತೆ. ಹಾಗಾಗಿ ಕ್ಯಾಮೆರಾ ನಿಮ್ಮಿಂದ 5-6 ಅಡಿ ಆಚೆ ಇರಬೇಕು. ಅಷ್ಟು ದೂರದಲ್ಲಿ ಅದರ ಹಿಂದೆ ನಿಂತು ನೋಡುವವರು ಯಾರೂ ಇರಲ್ಲ, ಅಲ್ವಾ? ಹಿಂದೆ ನಿಂತವರು ಮಾಡುವ ಕೆಲಸವನ್ನೆಲ್ಲ ತಾನೇ ಮಾಡಿಕೊಡುವ ಕ್ಯಾಮೆರಾ ನಿಮಗೆ ಬೇಕು. ಮೆಗಾಪಿಕ್ಸೆಲ್ ಆಮೇಲಿನ ಮಾತು.

ನಾನು ಮೊದಲು ಕೊಂಡದ್ದು ಸ್ಕ್ರೀನ್ ಅಲ್ಲಾಡದ ಒಂದು ಡಿಎಸ್‌ಎಲ್‌ಆರ್, ಅಂದರೆ ಲೆನ್ಸ್ ಬದಲಾಯಿಸಬಹುದಾದ ದೊಡ್ಡ ಕ್ಯಾಮೆರಾ. ಹೊರಗೆ ತೆಗೆದ ಫೋಟೊ ಚೆನ್ನಾಗೇ ಬರುತ್ತಿದ್ದವು. ಟೈಮರ್ ಹಾಕಿ ಓಡಿ ಬಂದು ಕೂತರೆ ಮಾತ್ರ ಒಂದರಲ್ಲಿ ಹಣೆ ಇಲ್ಲ, ಇನ್ನೊಂದರಲ್ಲಿ ನಾನು ಮೂಲೆಯಲ್ಲಿ. ಅದಕ್ಕಿಂತ ದೊಡ್ಡ ತೊಂದರೆ ಫೋಕಸ್‌ನದು. ಟೈಮರ್‌ನಲ್ಲಿ ಬಟನ್ ಒತ್ತಿದ ಕೂಡಲೇ ಫೋಕಸ್ ಆಗಿಬಿಡುತ್ತಿತ್ತು, 10 ಸೆಕೆಂಡ್ ಕಳೆದ ಮೇಲಲ್ಲ. ಒತ್ತುವಾಗ ಕುರ್ಚಿ ಖಾಲಿ. ಹಾಗಾಗಿ ಹಿಂದಿನ ಪರದೆಯ ಎಳೆ ಎಳೆಯೂ ಸ್ಪಷ್ಟ, ನನ್ನ ಕಣ್ಣು ಮಂಜು ಮಂಜು. ಕೊನೆಗೆ ಕುರ್ಚಿಗೆ ಒಂದು ಪೊರಕೆಯನ್ನು ನನ್ನ ತಲೆಯ ಎತ್ತರಕ್ಕೆ ಕಟ್ಟಿ, ಅದಕ್ಕೆ ಫೋಕಸ್ ಮಾಡಿ, ಫೋಕಸ್ ಮತ್ತೆ ಬದಲಾಗದ ಹಾಗೆ ಲೆನ್ಸ್ ಪಕ್ಕದ ಗುಂಡಿಯನ್ನು ಎಎಫ್‌ನಿಂದ (ಆಟೋ ಫೋಕಸ್) ಎಂಎಫ್‌ಗೆ (ಮ್ಯಾನುವಲ್ ಫೋಕಸ್) ತಳ್ಳಿ, ಪೊರಕೆ ಬಿಚ್ಚಿ ಅದೇ ಜಾಗದಲ್ಲಿ ಕೂರುತ್ತಿದ್ದೆ. ಈ ಉಪಾಯ ನಡೆಯುತ್ತೆ. ಮನೆಯಲ್ಲಿ ಹಳೇ ಕ್ಯಾಮೆರಾ ಇದ್ದರೆ ಇವತ್ತೇ ಮಾಡಿ ನೋಡಿ. ಆದರೆ ಸ್ವಲ್ಪ ಮುಂದೆ ಬಾಗಿದರೂ ಮತ್ತೆ ಮೊದಲಿಂದ ಶುರು.

ಅದನ್ನು ಮಾರಿ ಸೆಕೆಂಡ್ ಹ್ಯಾಂಡ್ ಕ್ಯಾನನ್ 200ಡಿ ತಗೊಂಡೆ. 18-55 ಲೆನ್ಸ್ (18ರಿಂದ 55 ಎಂಎಂವರೆಗೆ ಜೂಮ್ ಆಗುವಂಥದ್ದು) ಸೇರಿ 24 ಸಾವಿರ ಕೊಟ್ಟೆ. ನಿಮಗೂ ಅದನ್ನೇ ಹೇಳುತ್ತೇನೆ. 2017ರಲ್ಲಿ ಬಂದ ಮಾಡೆಲ್, 24 ಮೆಗಾಪಿಕ್ಸೆಲ್. ಸ್ಕ್ರೀನ್ ಪಕ್ಕಕ್ಕೆ ತೆರೆದುಕೊಂಡು ಪೂರ್ತಿ ನಮ್ಮ ಕಡೆ ತಿರುಗುತ್ತೆ, ಕೂತಲ್ಲಿಂದಲೇ ಫ್ರೇಮ್ ಕಾಣುತ್ತೆ. ಡ್ಯುಯಲ್ ಪಿಕ್ಸೆಲ್ ಆಟೋಫೋಕಸ್ ಇರುವುದರಿಂದ ಲೈವ್ ವ್ಯೂನಲ್ಲೂ, ಅಂದರೆ ಸ್ಕ್ರೀನ್ ನೋಡಿಕೊಂಡು ತೆಗೆಯುವಾಗಲೂ, ಮುಖವನ್ನು ಬೇಗ ಹಿಡಿಯುತ್ತೆ. ವೈಫೈ ಇದೆ. ಕ್ಯಾನನ್‌ನ ಕ್ಯಾಮೆರಾ ಕನೆಕ್ಟ್ ಆ್ಯಪ್ ಹಾಕಿಕೊಂಡರೆ ನಿಮ್ಮ ಫೋನೇ ರಿಮೋಟ್. ನೀವು ಕೂತ ಮೇಲೆ ಫೋಕಸ್ ಆಗುತ್ತೆ, ಪೊರಕೆ ಬೇಡ. ಇದರ ಮುಂದಿನ ಮಾಡೆಲ್ 200ಡಿ ಮಾರ್ಕ್ 2 ಕಣ್ಣನ್ನೇ ಗುರುತಿಸಿ ಫೋಕಸ್ ಮಾಡುತ್ತೆ. ಬೆಲೆ ಹೊಂದಿದರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ.

ದುಡ್ಡು ಇನ್ನೂ ಕಡಿಮೆ ಮಾಡಬೇಕೆಂದರೆ 2013ರ ಕ್ಯಾನನ್ 700ಡಿ ಇದೆ. ಸ್ಕ್ರೀನ್ ಹೀಗೇ ತಿರುಗುತ್ತೆ. ವೈಫೈ ಇಲ್ಲ, ಲೈವ್ ವ್ಯೂನಲ್ಲಿ ಫೋಕಸ್ ನಿಧಾನ, ಆದರೆ ಆರ್‌ಸಿ-6 ಅನ್ನೋ ಪುಟ್ಟ ರಿಮೋಟ್ ಕೆಲಸ ಮಾಡುತ್ತೆ. ಅದರಲ್ಲಿ 2 ಸೆಕೆಂಡ್ ತಡವಾಗಿ ಕ್ಲಿಕ್ ಆಗುವ ಹಾಗೆ ಇಡಬಹುದು, ಒತ್ತಿ ಕೈ ಇಳಿಸಲು ಅಷ್ಟು ಸಾಕು. 18 ಮೆಗಾಪಿಕ್ಸೆಲ್‌ಗೆ 12x18 ಇಂಚಿನ ಪ್ರಿಂಟ್ ಚೆನ್ನಾಗಿ ಬರುತ್ತೆ. ನಿಕಾನ್ ಡಿ5300ರ ಸ್ಕ್ರೀನ್ ಕೂಡ ತಿರುಗುತ್ತೆ, ಚಿತ್ರವೂ ಚಂದ, ಆದರೆ ಲೈವ್ ವ್ಯೂನಲ್ಲಿ ಫೋಕಸ್‌ಗೆ ತಡಕಾಡುತ್ತೆ. ಈ ಕೆಲಸಕ್ಕೆ ಬೇಡ. ಕೆಲವು ಕ್ಯಾಮೆರಾಗಳಲ್ಲಿ ಸ್ಕ್ರೀನ್ ಕೆಳಗಡೆಗೆ ಮಡಚಿ ಮುಂದೆ ಬರುತ್ತೆ, ಟ್ರೈಪಾಡ್ ಮೇಲೆ ಕೂರಿಸಿದರೆ ಅದು ಮುಚ್ಚಿಹೋಗುತ್ತೆ. ಇನ್ನು ಆನ್‌ಲೈನ್‌ನಲ್ಲಿ ನಾಲ್ಕೈದು ಸಾವಿರಕ್ಕೆ 48 ಮೆಗಾಪಿಕ್ಸೆಲ್ ಅಂತ ಸಿಗುವ ಹೊಸ ಕ್ಯಾಮೆರಾಗಳ ಹತ್ತಿರ ಹೋಗಲೇಬೇಡಿ. ನಿಮ್ಮ ಫೋನೇ ಅದಕ್ಕಿಂತ ಮೇಲು.

ಲೆನ್ಸ್ ವಿಷಯದಲ್ಲಿ ಎಲ್ಲರೂ 50 ಎಂಎಂ ಎಫ್/1.8 ತಗೋ ಅನ್ನುತ್ತಾರೆ (ಎಂಎಂ ಜಾಸ್ತಿಯಾದಷ್ಟೂ ಫ್ರೇಮಿನಲ್ಲಿ ಹಿಡಿಯುವ ಜಾಗ ಕಡಿಮೆ; ಎಫ್ ಸಂಖ್ಯೆ ಕಡಿಮೆಯಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು). ಒಳ್ಳೇ ಲೆನ್ಸೇ. ಆದರೆ ಮೊದಲು ಟೇಪ್ ಹಿಡಿದು ಕೋಣೆ ಅಳೆಯಿರಿ. ಈ ಕ್ಯಾಮೆರಾಗಳಲ್ಲಿ ಅದನ್ನು ಹಾಕಿ ಉದ್ದಕ್ಕೆ ತಿರುಗಿಸಿ ಇಟ್ಟರೆ, ಸೊಂಟದವರೆಗೆ ಬರಲು ಸುಮಾರು 6 ಅಡಿ ಬೇಕು. ತಲೆಯಿಂದ ಪಾದದವರೆಗೆ ಬೇಕೆಂದರೆ 13 ಅಡಿ. ನನ್ನ ಕೋಣೆ 10 ಅಡಿ, ಅದರಲ್ಲಿ ಮಂಚ, ಬೀರು ಬೇರೆ. 24 ಎಂಎಂ ಲೆನ್ಸ್‌ಗಾದರೆ ಪೂರ್ತಿ ಆಳು ಆರೂವರೆ, ಏಳು ಅಡಿಯಲ್ಲೇ ಸಿಗುತ್ತೆ. 18-55ರಲ್ಲಿ ಎರಡೂ ಇದೆ. ಹಾಗಾಗಿ ಮೊದಲ ಆರು ತಿಂಗಳು ಅದರಲ್ಲೇ ತೆಗೆಯಿರಿ. ಮುಂದೆ 50 ಕೊಂಡರೂ ಎಫ್/1.8ರಲ್ಲಿ ತೆಗೆಯಬೇಡಿ. 6 ಅಡಿ ದೂರದಲ್ಲಿ ಸ್ಪಷ್ಟವಾಗಿ ಬರುವುದು ಹಿಂದೆ ಮುಂದೆ ಸೇರಿ 9 ಸೆಂಟಿಮೀಟರ್ ಅಷ್ಟೇ. ಎಫ್/4ಕ್ಕೆ ಇಟ್ಟರೆ 20 ಸೆಂಟಿಮೀಟರ್ ಸಿಗುತ್ತೆ, ಉಸಿರಾಡಲು ಜಾಗ ಇರುತ್ತೆ.

ಟ್ರೈಪಾಡ್‌ಗೆ ಎರಡು ಸಾವಿರ ಎತ್ತಿಡಿ. ಫ್ಲ್ಯಾಶ್ ಈಗಲೇ ಬೇಡ. ಕಿಟಕಿಗೆ ಬಿಳಿ ಪಂಚೆ ಕಟ್ಟಿ ಅದರ ಪಕ್ಕ ಕೂತುಕೊಳ್ಳಿ. ಇನ್ನೊಂದು ಕೆನ್ನೆಯ ಕಡೆ ಒಂದು ಥರ್ಮೋಕೋಲ್ ಹಾಳೆ ನಿಲ್ಲಿಸಿ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನನ್ನ ಕಿಟಕಿಯಲ್ಲಿ ಬರುವ ಆ ಮೆತ್ತನೆ ಬೆಳಕಿನಲ್ಲಿ ನನ್ನ ಮುಖ ನನಗೆ ಮೊದಲ ಸಲ ಇಷ್ಟವಾಯಿತು. ಕಲಾವಿದೆ ಅಮೃತಾ ಶೇರ್‌ಗಿಲ್ ಅವರ ತಂದೆ ಉಮ್ರಾವ್ ಸಿಂಗ್ ಹತ್ತಾರು ವರ್ಷ ತಮ್ಮ ಫೋಟೊ ತಾವೇ ತೆಗೆದುಕೊಂಡವರು, ಯೌವನದಿಂದ ಮುಪ್ಪಿನವರೆಗೆ. ಬಿಡುವಾದಾಗ ಹುಡುಕಿ ನೋಡಿ. ಅವುಗಳನ್ನು ನೋಡಿಯೇ ನಾನು ವರ್ಷಕ್ಕೊಂದು ತೆಗೆಯಲು ಶುರು ಮಾಡಿದ್ದು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಎದುರಿಗೇ ಕೂತು ನೋಡಿ. ಸ್ಕ್ರೀನನ್ನು ತೆರೆದು ನಿಧಾನವಾಗಿ ಪೂರ್ತಿ ತಿರುಗಿಸಿ. ನಡುವೆ ಎಲ್ಲಾದರೂ ಕಪ್ಪಾದರೆ, ಗೆರೆ ಬಂದರೆ ಒಳಗಿನ ಕೇಬಲ್ ಹೋಗುತ್ತಿದೆ ಅಂತ ಅರ್ಥ, ಬಿಟ್ಟುಬಿಡಿ. ಲೆನ್ಸ್ ಬಿಚ್ಚಿ ಹಿಂದಿನಿಂದ ಟಾರ್ಚ್ ಹಾಕಿ ಮುಂದಿನಿಂದ ನೋಡಿ. ಜೇಡರ ಬಲೆಯ ಹಾಗೆ ಎಳೆ ಕಂಡರೆ ಫಂಗಸ್. ಕರಾವಳಿ, ಮಲೆನಾಡಿನ ಕಡೆಯಿಂದ ಬಂದ ಲೆನ್ಸ್ ಆದರೆ ಇದನ್ನು ಇನ್ನೂ ಗಮನ ಕೊಟ್ಟು ನೋಡಬೇಕು. ವೈಫೈ ಹಾಕಿ ನಿಮ್ಮ ಫೋನಿಗೆ ಸೇರಿಸಿ ಒಂದು ಫೋಟೊ ಅಲ್ಲೇ ತೆಗೆಯಿರಿ.

ನಿಮ್ಮ ಕೋಣೆ ಎಷ್ಟು ಅಡಿ, ಕಿಟಕಿ ಯಾವ ದಿಕ್ಕಿಗಿದೆ ಅಂತ ಕೆಳಗೆ ಬರೆಯಿರಿ. ಕ್ಯಾಮೆರಾ ಎಲ್ಲಿಡಬೇಕು, ಕುರ್ಚಿ ಎಲ್ಲಿ ಹಾಕಬೇಕು ಅಂತ ಹೇಳುತ್ತೇನೆ.